ಮೇಸ್ತ್ರಿಯ ಎರಡು ಕೈಗಳು

ಮೇಸ್ತ್ರಿ ಹೋಗಿ ಇಪ್ಪತ್ತಾರು ದಿನವಾಯಿತು. ಆ ಸಾವಿಗೆ ನಾವೆಲ್ಲ ತಯಾರಾಗಿದ್ದೆವು. ಅವರಂತೂ ನಮಗಿಂತ ಮೊದಲೇ ತಯಾರಾಗಿದ್ದರು. ನನ್ನನ್ನು ಇನ್ನೂ ಬಿಡದೆ ಕಾಡುತ್ತಿರುವುದು ಅದಕ್ಕೆ ಹದಿನೈದು ದಿನ ಮೊದಲಿನ ಒಂದು ಶನಿವಾರದ ಬೆಳಿಗ್ಗೆ, ಹೆಚ್ಚೆಂದರೆ ನಾಲ್ಕು ನಿಮಿಷ. ಮೆಟ್ರೋದಲ್ಲಿ ಕಂಬ ಹಿಡಿದು ನಿಂತಾಗ, ಆಫೀಸಿನ ಮೀಟಿಂಗಿನ ನಡುವೆ, ಹುರುಳಿಕಾಯಿ ಹೆಚ್ಚುವಾಗ ಆ ನಾಲ್ಕು ನಿಮಿಷ ಮೊದಲಿನಿಂದ ಶುರುವಾಗುತ್ತದೆ. ಪ್ರತಿಸಲವೂ ನನ್ನ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇರುತ್ತದೆ. ಪ್ರತಿಸಲವೂ ನಾನು ಅದನ್ನು ಕೊಟ್ಟುಬಿಡುತ್ತೇನೆ.

ಅದನ್ನು ಹೇಳುವ ಮೊದಲು ಅವರು ಎಂಥವರೆಂದು ಹೇಳಬೇಕು. ಇಲ್ಲವಾದರೆ ಇದು ಹಾಸಿಗೆ ಹಿಡಿದ ಮುದುಕರೊಬ್ಬರು ಕೈ ಬೀಸಿದ ಕತೆಯಾಗಿಬಿಡುತ್ತದೆ.

ಪೀಣ್ಯ ಎರಡನೇ ಹಂತದಲ್ಲಿ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವರು ಕ್ರೇನಿಗೆ ಸನ್ನೆ ಕೊಡುವ ಮೇಸ್ತ್ರಿ. ಶೆಡ್ಡಿನ ಸೂರಿನಡಿ ಹಳಿಗಳ ಮೇಲೆ ಓಡುವ ಕ್ರೇನು ಅದು. ಮೇಲೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಕೆಳಗಿನ ಗದ್ದಲದಲ್ಲಿ ಯಾರ ಕೂಗೂ ಕೇಳುವುದಿಲ್ಲ. ಕೆಳಗೆ ನಿಂತು ಭಾರಕ್ಕೆ ಉಕ್ಕಿನ ಹಗ್ಗ ಬಿಗಿದು, ಎತ್ತು, ಇಳಿಸು, ಒಂದು ಕೂದಲಷ್ಟು ಎಡಕ್ಕೆ, ನಿಲ್ಲು ಎಂದೆಲ್ಲ ಕೈಯಲ್ಲೇ ಹೇಳಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಶೆಡ್ಡಿನ ಭಾರವೆಲ್ಲ ಆ ಎರಡು ಕೈಗಳ ಮಾತು ಕೇಳಿತ್ತು. ಅವರ ಎಡಗೈ ಕಿರುಬೆರಳಿಗೆ ತುದಿ ಇರಲಿಲ್ಲ. ಹೊಸಬರು ಕೇಳಿದರೆ, "ನಮ್ ಶೆಡ್ಡಲ್ಲಿ ಏಟು ತಿಂದಿರೋದು ಇದೊಂದೇ. ಅದೂ ನಂದೇ ತಪ್ಪು," ಎನ್ನುತ್ತಿದ್ದರು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಟ್ರೇನಿಯಾಗಿ ಸೇರಿದಾಗ ರಾಜಗೋಪಾಲನಗರದ ಅವರ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗಿದ್ದೆ. ಎರಡು ವರ್ಷ ಅವರ ಹೆಂಡತಿಯ ಕೈಯಡುಗೆ ಉಂಡು ಅವರನ್ನು ಅಮ್ಮ ಎಂದೇ ಕರೆಯತೊಡಗಿದೆ. ಮೇಸ್ತ್ರಿ ಕಾರ್ಖಾನೆಯ ಗೇಟಿನ ಒಳಗೆ ನನ್ನನ್ನು "ಮೇಡಂ" ಎನ್ನುವರು, ಗೇಟು ದಾಟಿದ ಕೂಡಲೇ "ಪುಟ್ಟಿ". ಒಂದು ಸಲವೂ ಅದಲುಬದಲಾದದ್ದಿಲ್ಲ.

ಸೇರಿದ ವಾರದಲ್ಲೇ ನಡೆದದ್ದು. ಟ್ಯಾಂಕಿನ ಮುಚ್ಚಳವೊಂದು ನೆಲದಿಂದ ಆಳೆತ್ತರ ಮೇಲಿತ್ತು. ಲಾರಿ ಕಾಯುತ್ತಿದೆಯೆಂಬ ಅವಸರದಲ್ಲಿ ವರ್ಕ್ಸ್ ಮ್ಯಾನೇಜರು ಓಡಿಬಂದು ಕ್ರೇನಿನವನಿಗೆ ತಾವೇ "ಬಾ ಬಾ" ಎಂದು ಕೈ ಆಡಿಸಿದರು. ಕ್ರೇನು ಇದ್ದಲ್ಲೇ ನಿಂತುಬಿಟ್ಟಿತು. ಇಬ್ಬರು ಸನ್ನೆ ಮಾಡಿದರೆ ನಿಲ್ಲಿಸಬೇಕು ಎಂದು ಮೇಸ್ತ್ರಿ ಅವನಿಗೆ ಕಲಿಸಿದ್ದರು.

ಮೇಸ್ತ್ರಿ ಕೈಗವಸು ಕಳಚಿ ಮ್ಯಾನೇಜರ ಮುಂದೆ ಹಿಡಿದು, "ತಗೊಳ್ಳಿ ಸಾರ್. ನೀವು ಇಳಿಸ್ತಾ ಇರಿ, ನಾನು ಒಂದು ಟೀ ಕುಡ್ಕೊಂಡು ಬಂದ್ಬಿಡ್ತೀನಿ," ಎಂದರು.

"ಏ, ಹಂಗಲ್ಲ ಕಣ್ರೀ ಮೇಸ್ತ್ರಿ..."

"ಹಂಗಾದ್ರೆ ಹಳದಿ ಗೆರೆ ಆಚೆ ನಿಂತ್ಕೊಳ್ಳಿ ಸಾರ್. ಅವಸರ ಇರೋರಿಗೆ ಅಲ್ಲಿ ಜಾಗ ಚೆನ್ನಾಗಿದೆ."

ಮ್ಯಾನೇಜರು ಗೆರೆಯ ಆಚೆಗೆ ಹೋಗಿ ನಿಂತರು. ಮೇಸ್ತ್ರಿ ನನ್ನತ್ತ ತಿರುಗಿ, "ನೋಡಿ ಮೇಡಂ, ಎತ್ತು ಅನ್ನೋಕೆ ಒಬ್ನೇ. ನಿಲ್ಸು ಅನ್ನೋಕೆ ಯಾರು ಬೇಕಾದ್ರೂ ಆಗ್ಬೋದು. ಕಸ ಗುಡಿಸೋ ಅಮ್ಮ ಕೈ ತೋರಿಸಿದ್ರೂ ನಿಲ್ಲಬೇಕು," ಎಂದರು. ಒಂದು ಕೈ ಅಡ್ಡ ಚಾಚಿ ಬೀಸಿದರೆ ಮಾಮೂಲು ನಿಲ್ಲಿಸುವ ಸನ್ನೆ. ಎರಡೂ ಕೈ ಅಡ್ಡ ಚಾಚಿ ಬೀಸಿದರೆ ಅಪಾಯ. "ಎರಡೂ ಕೈ ಬಂತು ಅಂದ್ರೆ ಯಾಕೆ ಏನು ಅಂತ ಕೇಳೋ ಹಂಗಿಲ್ಲ. ಮೊದ್ಲು ನಿಲ್ಲಿ. ಬದುಕಿದ್ರೆ ಆಮೇಲೆ ಕೇಳಬಹುದು." ನನ್ನ ಎರಡು ವರ್ಷದಲ್ಲಿ ಆ ಸನ್ನೆಯನ್ನು ಒಂದೇ ಒಂದು ಸಲ ನೋಡಿದೆ. ಶೆಡ್ಡಿನಲ್ಲಿದ್ದ ನಲವತ್ತು ಜನ ಶಿಲೆಯಾಗಿ ನಿಂತರು.

ಅವರದು ಇನ್ನೊಂದು ಕಟ್ಟಳೆಯಿತ್ತು. ಭಾರಕ್ಕೆ ಹಗ್ಗ ಕಟ್ಟಿದವನೇ ಬಿಚ್ಚಬೇಕು. ಗಂಟು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವನಿಗಷ್ಟೇ ಗೊತ್ತಿರುತ್ತದೆ. ಒಮ್ಮೆ ಮೇಸ್ತ್ರಿ ಕಟ್ಟಿಟ್ಟ ಭಾರವೊಂದು ಹಾಗೇ ಉಳಿದು, ಮರುದಿನ ಅವರಿಗೆ ಮೈ ಸುಡುವ ಜ್ವರ. ಬೇರೆ ಯಾರಾದರೂ ಬಿಚ್ಚುತ್ತಿದ್ದರು. ಇವರು ಸ್ವೆಟರು ಹಾಕಿಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ಆಟೋದಲ್ಲಿ ಬಂದಿಳಿದು, ಎರಡು ಗಂಟು ಬಿಚ್ಚಿ, ಅದೇ ಆಟೋದಲ್ಲಿ ವಾಪಸ್ಸು ಹೋದರು. ಅಮ್ಮ ಸಂಜೆ ನನ್ನ ಬಳಿ ಗೊಣಗಿದರು: "ನನ್ನ ಕೊರಳಿಗೆ ಮೂರು ಗಂಟು ಹಾಕಿದ್ದೂ ಇದೇ ಮನುಷ್ಯ ಕಣೇ. ಅದಕ್ಕೇ ನನ್ನ ಬಿಟ್ಟು ಎಲ್ಲೂ ಹೋಗಿಲ್ಲ."

ಆಯುಧಪೂಜೆಯ ದಿನ ಎಲ್ಲರೂ ತಂತಮ್ಮ ಯಂತ್ರಕ್ಕೆ ಹೂ ಮುಡಿಸುವರು. ಮೇಸ್ತ್ರಿಗೆಂದು ಯಂತ್ರವಿಲ್ಲ. ತೊಳೆದ ಕೈಗವಸನ್ನು ತಟ್ಟೆಯಲ್ಲಿಟ್ಟು, ಎರಡು ಅಂಗೈಗಳನ್ನೂ ಅದರ ಪಕ್ಕ ಮೇಲ್ಮುಖವಾಗಿ ಚಾಚಿ, ಪೂಜಾರಪ್ಪನಿಗೆ, "ಇವಕ್ಕೂ ಒಂದೊಂದು ಬೊಟ್ಟು ಇಟ್ಬಿಡಿ ಸ್ವಾಮಿ," ಎನ್ನುವರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಆಮೇಲೆ ನನಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಡಿಸೈನ್ ಕೆಲಸ ಸಿಕ್ಕಿತು. ಅವರು ನಿವೃತ್ತರಾದರು. ಎರಡು ವರ್ಷದ ಹಿಂದೆ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಉಸಿರಾಟಕ್ಕೆ ಕೊರಳಿನಲ್ಲಿ ಒಂದು ತೂತು ಉಳಿಯಿತು. ಬರೆದು ತೋರಿಸಲೆಂದು ನಾನೊಂದು ಪುಟ್ಟ ಬಿಳಿ ಬೋರ್ಡು ಒಯ್ದುಕೊಟ್ಟೆ. ಅವರು ಅದನ್ನು ತಿರುಗಿಸಿ ಊಟದ ತಟ್ಟೆಯ ಕೆಳಗಿಟ್ಟುಕೊಂಡರು. ಕೈ ಇದೆಯಲ್ಲ ಎಂಬಂತೆ ಬೆರಳಾಡಿಸಿದರು. ಮೂರೇ ವಾರದಲ್ಲಿ ಅಮ್ಮನಿಗೆ ಕ್ರೇನಿನ ಸನ್ನೆಗಳೆಲ್ಲ ಬಂದವು. "ಇಷ್ಟು ವರ್ಷ ಬಾಯಲ್ಲಿ ಬೈದಿದ್ದು ಸಾಲ್ದು ಅಂತ ಈಗ ಕೈಯಲ್ಲಿ ಶುರು ಮಾಡಿದಾರೆ. ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಕ್ರೇನ್ ನಿಲ್ಲಿಸಿಬಿಟ್ರು ನೋಡು," ಎಂದು ಅವರ ಮುಂದೆಯೇ ಹೇಳಿದರು. ಅವರು ಒಂದು ಕೈ ಅಡ್ಡ ಚಾಚಿ ಬೀಸಿದರು. ಮಾತು ನಿಲ್ಲಿಸು ಎಂದು.

ರೋಗ ಮತ್ತೆ ಮರಳಿತು. ಇನ್ನು ಔಷಧಿಯಿಲ್ಲ, ನೋವಾಗದ ಹಾಗೆ ನೋಡಿಕೊಳ್ಳಬಹುದು ಎಂದರು ಡಾಕ್ಟರು. ಗಂಟೆಗೊಮ್ಮೆ ಕೊರಳಿನ ಕಫ ತೆಗೆಯಬೇಕು, ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಗಂಜಿ ಕೊಡಬೇಕು. ಮಂಡಿನೋವಿನ ಅಮ್ಮನೊಬ್ಬರಿಂದ ಅದು ಆಗದು. ಮನೆಯಿಂದ ಎರಡು ಬಸ್ ಸ್ಟಾಪಿನ ದೂರದಲ್ಲಿ, ಮೂರು ಮಹಡಿಯ ಮನೆಯನ್ನೇ ಆರೈಕೆ ಕೇಂದ್ರ ಮಾಡಿಕೊಂಡ ಒಂದು ಕಡೆ ಅವರನ್ನು ಸೇರಿಸಿದೆವು. ಪ್ರತಿ ಶನಿವಾರ ನಾನು ಮೆಟ್ರೋ ಬದಲಿಸಿಕೊಂಡು ಪೀಣ್ಯಕ್ಕೆ ಹೋಗುತ್ತಿದ್ದೆ.

ಕೋಣೆಯಲ್ಲಿ ಇನ್ನೊಂದು ಹಾಸಿಗೆ. ಅದರಲ್ಲಿ ಆ ಊರಿನ ಮೂಲದವರೇ ಆದ ಗೌಡರು. ಶ್ವಾಸಕೋಶ ಸೋತು, ಹಗಲೂ ಇರುಳೂ ಆಕ್ಸಿಜನ್ ಮಿಷಿನ್ನಿನ ನಳಿಕೆ ಮೂಗಿನಲ್ಲೇ ಇರುತ್ತಿತ್ತು. ಮೊದಲ ದಿನವೇ ನನ್ನನ್ನು ಕರೆದು, "ನಿಮ್ ಫ್ಯಾಕ್ಟ್ರಿ ಐತಲ್ಲವ್ವಾ, ಅದು ನಮ್ ರಾಗಿ ವಲದ್ ಮ್ಯಾಲೇ ನಿಂತಿರದು," ಎಂದರು. ಆಮೇಲೆ ಒಂದೊಂದೇ ಮಾತಿಗೆ ಉಸಿರೆಳೆದುಕೊಳ್ಳುತ್ತ, "ನಂಗೆ ಮಾತೈತೆ, ಉಸ್ರಿಲ್ಲ. ಮೇಸ್ತ್ರಿಗೆ ಉಸ್ರೈತೆ, ಮಾತಿಲ್ಲ. ಇಬ್ರನ್ನೂ ಸೇರ್ಸುದ್ರೆ ಒಬ್ ಗಂಡ್ಸು," ಎಂದರು. ಮೇಸ್ತ್ರಿಯ ಎದೆ ನಗುವಿಗೆ ಕುಲುಕಿತು, ಸದ್ದಿಲ್ಲದೆ.

ಎಲ್ಲ ಕೆಟ್ಟದ್ದು ಮೇಸ್ತ್ರಿಯ ಮೂಗಿನ ಗಂಜಿ ನಳಿಕೆಯಿಂದ. ಒಂದು ದಿನ ನಿದ್ದೆಗಣ್ಣಿನಲ್ಲಿ ತುರಿಕೆಗೆ ಅದನ್ನು ಎಳೆದುಬಿಟ್ಟರು. ಚೆಲ್ಲಿದ ಗಂಜಿ ಕೊರಳಿನ ತೂತಿನಿಂದ ಶ್ವಾಸಕೋಶಕ್ಕೆ ಇಳಿದಿದ್ದರೆ ಆ ದಿನವೇ ಮುಗಿಯುತ್ತಿತ್ತು. ಮರುದಿನ ಅಮ್ಮನ ಫೋನು: "ಪುಟ್ಟಿ, ಅವರ ಕೈ ಕಟ್ಟಿದಾರೆ ಕಣೇ." ಬ್ಯಾಂಡೇಜಿನ ಬಟ್ಟೆಯಲ್ಲಿ ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಬಿಗಿದಿದ್ದರು.

ನಾನು ಅಲ್ಲಿನ ಮುಖ್ಯ ಸಿಸ್ಟರ ಜೊತೆ ಜಗಳವಾಡಿದೆ.

"ಸಿಸ್ಟರ್, ಅವರ ಬಾಯಿ ಅಂದ್ರೆ ಆ ಕೈನೇ. ನೀವು ಬಾಯಿ ಕಟ್ಟಿದೀರಿ."

"ಮೇಡಂ, ನನಗೂ ಅಪ್ಪ ಇದಾರೆ," ಎಂದರು ಅವರು. ಕೆಟ್ಟವರಲ್ಲ; ದಣಿದಿದ್ದರು. "ಮತ್ತೆ ಎಳೆದುಕೊಂಡ್ರೆ ಜವಾಬ್ದಾರಿ ನಂದು. ನೀವು ಇದ್ದಷ್ಟು ಹೊತ್ತು ಬಿಚ್ಚಿ. ಹೋಗುವಾಗ ಆಯಾ ಕಟ್ತಾಳೆ."

ಹಾಗೆ ಹನ್ನೊಂದು ದಿನ ನಡೆಯಿತು. ಕಟ್ಟುವ ಕೆಲಸದ ಆಯಾ ಗಟ್ಟಿಮುಟ್ಟಾದ ಹೆಂಗಸು. "ಬೈಕೋಬ್ಯಾಡ ತಾತ," ಎನ್ನುತ್ತಲೇ ಬಿಗಿಯುತ್ತಿದ್ದಳು. ಮೇಸ್ತ್ರಿ ತಾವೇ ಮಣಿಕಟ್ಟು ಕಂಬಿಗೆ ಒಡ್ಡಿ, ಅವಳು ಗಂಟು ಹಾಕುವುದನ್ನು ಹುಬ್ಬೇರಿಸಿ ನೋಡುತ್ತಿದ್ದರು, ಹೊಸದಾಗಿ ಸೇರಿದ ಹೆಲ್ಪರನ ಕೆಲಸ ನೋಡುವಂತೆ. ಆ ಕೈಗಳಿಗೆ ಮತ್ತೆ ಬಿಡುಗಡೆಯಿಲ್ಲದೆ ಅವರು ಹೋಗಿಬಿಡುತ್ತಾರೆ ಎಂಬ ಭಯ ಅಮ್ಮನಿಗೆ ಹತ್ತಿತ್ತು. ನನಗೂ.

ಆ ಶನಿವಾರ ನಾನು ಹೋದಾಗ ಹತ್ತು ಗಂಟೆ. ಅಮ್ಮ ಇನ್ನೂ ಬಂದಿರಲಿಲ್ಲ. ಮೇಸ್ತ್ರಿಯ ಒಡೆದ ಪಾದಕ್ಕೆ ಹಚ್ಚಲೆಂದು ಕೊಬ್ಬರಿ ಎಣ್ಣೆ ತಂದಿದ್ದೆ. ಬಲಗೈ ಗಂಟು ಬಿಚ್ಚಿದೆ. ಎಡಗೈಯದು ಬಿಗಿಯಾಗಿತ್ತು, ಆಯಾಳನ್ನು ಕೇಳೋಣವೆಂದು ಬಿಟ್ಟು, ಮೊದಲು ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ.

ಕರೆಂಟು ಹೋಯಿತು. ಪೀಣ್ಯದಲ್ಲಿ ಅದು ಹೊಸದಲ್ಲ. ಜನರೇಟರಿನ ಸದ್ದಿಗೆ ಕಾದೆವು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸಿಸ್ಟರ್ ಕೆಳಗೆ ಓಡಿದರು. ಗೌಡರ ಆಕ್ಸಿಜನ್ ಮಿಷಿನ್ನು ಕೀ ಎಂದು ಕಿರುಚಿ ನಿಂತಿತು. ಅವರ ತುಟಿ ನೀಲಿಗೆ ತಿರುಗತೊಡಗಿತು.

ಆಯಾ ಬಾಗಿಲ ಹಿಂದಿನ ಆಕ್ಸಿಜನ್ ಸಿಲಿಂಡರನ್ನು ಉರುಳಿಸಿಕೊಂಡು ತಂದಳು. ಮೀಟರು ಜೋಡಿಸಿದಳು. ಆದರೆ ಮೇಲಿನ ವಾಲ್ವು ತಿರುಗಲಿಲ್ಲ. ಕೀ ಹಾಕಿ ಇಡೀ ಮೈಭಾರ ಬಿಟ್ಟಳು. ಇಲ್ಲ. ನಾನೂ ಎದ್ದುಬಂದು ಕೈ ಹಾಕಿದೆ. ನನ್ನ ಕೈ ಎಣ್ಣೆಗೆ ಜಾರಿತು.

"ಹಿಡ್ಕೊಂಬಿಟ್ಟೈತೆ ಅಕ್ಕಾ. ಎರಡು ತೊಟ್ಟು ಎಣ್ಣೆ ಕೊಡಿ," ಎಂದಳು ಆಯಾ.

ಕೊಟ್ಟೆ. ಕೊಟ್ಟದ್ದಷ್ಟೇ ಅಲ್ಲ, ಓದಿದವಳ ದನಿಯಲ್ಲಿ, "ತಿರುಪಿನ ಮರೆ ಹತ್ತಿರ ಬಿಡಿ, ಒಳಗಿಳಿಯಲಿ, ಆಮೇಲೆ ತಿರುಗಿಸಿ," ಎಂದೆ. ಬಿಗಿದ ತಿರುಪಿಗೆ ಎಣ್ಣೆ ಬಿಡಬೇಕೆಂಬುದು ಯಂತ್ರದ ಜೊತೆ ಬದುಕಿದ ಯಾರಿಗಾದರೂ ಕೈಗೆ ಬಂದ ಅಭ್ಯಾಸ. ಆಕ್ಸಿಜನ್ ಒಂದಕ್ಕೆ ಮಾತ್ರ ಅದು ಸಲ್ಲದು. ಅಷ್ಟು ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಬೆಂಕಿಕಡ್ಡಿ ಬೇಕಿಲ್ಲ. ವಾಲ್ವು ತೆರೆದ ಕ್ಷಣವೇ ಹೊತ್ತಿಕೊಂಡು ಸಿಡಿಯಬಹುದು. ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಶೆಡ್ಡಿನ ಗ್ಯಾಸ್ ಕಟಿಂಗ್ ಮೂಲೆಯಲ್ಲಿ ಮೇಸ್ತ್ರಿ ನನ್ನ ಕೈ ಮೂಸಿ ನೋಡಿ, ಸೋಪು ಹಾಕಿ ತೊಳೆದು ಬಾ ಎಂದು ಕಳಿಸಿದ್ದರು. ಗೌಡರ ನೀಲಿ ತುಟಿಯ ಮುಂದೆ ಒಂದೂ ನೆನಪಾಗಲಿಲ್ಲ.

ಆಯಾ ಬಾಟಲಿಯ ಮುಚ್ಚಳ ತೆಗೆದಳು. ನನ್ನ ಬೆನ್ನ ಹಿಂದೆ ಮಂಚದ ಕಂಬಿ ಗಡಗಡ ಎಂದಿತು.

"ಅಯ್ಯೋ, ತಾತ ಮತ್ತೆ ಶುರು ಮಾಡ್ಕೊಂಡ್ರು ನೋಡಿ," ಎಂದಳು ಆಯಾ, ಬಾಟಲಿ ಬಗ್ಗಿಸುತ್ತ.

ತಿರುಗಿದೆ. ಮೇಸ್ತ್ರಿ ಹಾಸಿಗೆಯಲ್ಲಿ ನೆಟ್ಟಗೆ ಕೂತಿದ್ದರು. ಒಂದು ತಿಂಗಳಿಂದ ಯಾರಾದರೂ ಎತ್ತಿ ಕೂರಿಸದೆ ಕೂತವರಲ್ಲ. ಎರಡೂ ತೋಳು ಅಡ್ಡಕ್ಕೆ ಪೂರ್ತಿ ಚಾಚಿದ್ದವು. ಎಡ ಮಣಿಕಟ್ಟಿನಿಂದ ಬಿಚ್ಚಿದ ಬ್ಯಾಂಡೇಜು ಇಳಿಬಿದ್ದಿತ್ತು. ಎರಡೂ ಕೈ ಬೀಸುತ್ತಿದ್ದವು.

ನನ್ನ ತಲೆಗೆ ಏನೂ ಹೊಳೆಯಲಿಲ್ಲ, ಇದನ್ನು ನಾನು ಒಪ್ಪಿಕೊಳ್ಳಬೇಕು. ನನ್ನ ಕೈ ಹೋಗಿ ಆಯಾಳ ಮಣಿಕಟ್ಟನ್ನು ಹಿಡಿದಿತ್ತು, ಅಷ್ಟೇ. ಹತ್ತು ವರ್ಷದ ಹಿಂದೆ ಶೆಡ್ಡಿನಲ್ಲಿ ನಿಂತ ಹಾಗೆಯೇ ನಿಂತಿದ್ದೆ. ಎಣ್ಣೆಯ ಒಂದು ಹನಿ ಬಾಟಲಿಯ ಅಂಚಿನಿಂದ ನೆಲದ ಟೈಲ್ಸಿನ ಮೇಲೆ ಬಿತ್ತು. ವಾಲ್ವಿಗೂ ಬಾಟಲಿಗೂ ಒಂದು ಗೇಣು.

"ಏನಕ್ಕಾ! ಅಲ್ಲಿ ಗೌಡ್ರು ಸಾಯ್ತಾವ್ರೆ!"

ಮೇಸ್ತ್ರಿ ಬಾಟಲಿ ತೋರಿಸಿದರು, ಸಿಲಿಂಡರ್ ತೋರಿಸಿದರು, ಹತ್ತೂ ಬೆರಳು ಫಟ್ಟನೆ ಅರಳಿಸಿದರು. ಆಗ ತಿಳಿಯಿತು. ಅವರ ಕೈ ನಿಲ್ಲಲಿಲ್ಲ. ಅಂಗೈಗೆ ಅಂಗೈ ಉಜ್ಜಿದರು: ಸೋಪು. ಬಾಗಿಲಾಚೆ ಬೆರಳು ತೋರಿಸಿದರು: ಬೇರೆ ಸಿಲಿಂಡರ್. ಆಯಾ ಓಡಿಹೋಗಿ ಪಕ್ಕದ ಕೋಣೆಯಿಂದ ಮೀಟರು, ಕೀ ಸಮೇತ ಇನ್ನೊಂದು ಸಿಲಿಂಡರ್ ಉರುಳಿಸಿಕೊಂಡು ತಂದಳು. ಅಷ್ಟರಲ್ಲಿ ನಾನು ಮೊಣಕೈವರೆಗೆ ಸೋಪು ತಿಕ್ಕಿ ತೊಳೆದೆ. ಮಿಷಿನ್ನು ನಿಂತು ಎಷ್ಟೋ ಹೊತ್ತಾದಂತಿತ್ತು. ಗೌಡರ ಕಣ್ಣು ಮೇಲೆ ಸರಿಯುತ್ತಿತ್ತು. ಆದರೂ ಮೇಸ್ತ್ರಿಯ ಕೈಯಲ್ಲಿ ಅವಸರವಿರಲಿಲ್ಲ. ಮೀಟರಿನ ಎದುರಿನಿಂದ ಪಕ್ಕಕ್ಕೆ ಸರಿ. ಕೀ ಹಾಕು. ಆಮೇಲೆ ಒಂದು ಅಂಗೈ ಮೇಲೆ, ಅದರ ಕೆಳಗೆ ಇನ್ನೊಂದು ಕೈಯ ಬೆರಳು ಸಣ್ಣಗೆ ತಿರುಗಿತು: ನಿಧಾನ, ಕೂದಲಷ್ಟು. ನಾನು ಕೂದಲಷ್ಟೇ ತಿರುಗಿಸಿದೆ. ಮೀಟರಿನ ಮುಳ್ಳು ಎದ್ದಿತು. ಗೌಡರ ಮೂಗಿನ ನಳಿಕೆಯಲ್ಲಿ ಗಾಳಿ ಸುಯ್ಯೆಂದಿತು.

ಅವರ ತುಟಿಗೆ ಬಣ್ಣ ಬಂದ ಮೇಲೆ ಮೇಸ್ತ್ರಿ ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿಕೊಂಡರು. ಶೆಡ್ಡಿನಲ್ಲಿ ಭಾರ ನೆಲ ಮುಟ್ಟಿದಾಗ ಮಾಡುವ ಸನ್ನೆ. ಕೆಲಸ ಮುಗಿಯಿತು.

ಸಿಸ್ಟರ್ ಮೇಲೆ ಬಂದಾಗ ನಾನು ನೆಲದ ಮೇಲೆ ಕೂತಿದ್ದೆ. "ಎಣ್ಣೆ ಕೊಟ್ಟಿದ್ದು ನಾನು ಸಿಸ್ಟರ್. ಆಯಾದು ತಪ್ಪಿಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿದೆ.

"ನೀವು ಇಂಜಿನಿಯರ್ ಅಲ್ವಾ ಮೇಡಂ?"

"ಹೌದು."

ಸಿಸ್ಟರ್ ಮೇಸ್ತ್ರಿಯ ಎಡ ಮಣಿಕಟ್ಟಿನಲ್ಲಿ ಜೋತಾಡುತ್ತಿದ್ದ ಬ್ಯಾಂಡೇಜನ್ನು ಎತ್ತಿ ನೋಡಿದರು. "ಇದನ್ನ ಬಿಚ್ಚಿದ್ದು ಯಾರು?"

"ನಾನಲ್ಲ," ಎಂದೆ. "ನಾನೂ ಅಲ್ಲ," ಎಂದಳು ಆಯಾ. ಗೌಡರು ಉಸಿರಿನ ನಡುವೆ, "ಮೇಸ್ತ್ರಿನೇ... ಒಂದ್ ಕೈಯಾಗೆ... ಚಿಟಿಕೆ ಒಡ್ದಂಗೆ," ಎಂದರು.

ಸಿಸ್ಟರ್ ಮೇಸ್ತ್ರಿಯನ್ನೇ ನೋಡಿದರು. "ಅಂದ್ರೆ ಇಷ್ಟು ದಿನಾನೂ ನಿಮಗೆ ಬಿಚ್ಕೊಳ್ಳೋಕೆ ಬರ್ತಿತ್ತಾ?"

ಮೇಸ್ತ್ರಿ ಬೆರಳು ಮಡಚಿ ಅದೇ ಕೈಯ ಮಣಿಕಟ್ಟಿನ ಬ್ಯಾಂಡೇಜು ಮುಟ್ಟಿ ತೋರಿಸಿ, ಹುಬ್ಬು ಹಾರಿಸಿದರು. ಮೂವತ್ತು ಟನ್ನಿನ ಟ್ಯಾಂಕು ಕಟ್ಟಿ ಬಿಚ್ಚಿದ ಮನುಷ್ಯನಿಗೆ ಬ್ಯಾಂಡೇಜಿನ ಗಂಟೇ!

"ಮತ್ತೆ ಯಾಕೆ ಬಿಚ್ಚಲಿಲ್ಲ?"

ಅವರು ಬೆರಳೆತ್ತಿ ಆಯಾಳನ್ನು ತೋರಿಸಿದರು. ಕಟ್ಟಿದವಳು ಅವಳು. ಸಿಸ್ಟರಿಗೆ ಅರ್ಥವಾಗಲಿಲ್ಲ; ನಾನು ಶೆಡ್ಡಿನ ಕಟ್ಟಳೆ ಬಿಡಿಸಿ ಹೇಳಬೇಕಾಯಿತು. ಹನ್ನೊಂದು ದಿನ, ತಮ್ಮ ಮಾತನ್ನೇ ಕಟ್ಟಿಹಾಕಿದ್ದ ಗಂಟನ್ನು, ಬಿಚ್ಚುವ ಕೈಚಳಕ ಬೆರಳಲ್ಲಿದ್ದೂ ಅವರು ಮುಟ್ಟಿರಲಿಲ್ಲ. ಮುಟ್ಟಿದ್ದು ಒಂದೇ ಸಲ, ನಾವು ನಾಲ್ಕು ಜನ ಬದುಕಬೇಕಿದ್ದಾಗ. ನಾನು ಇಂಥವರ ಶೆಡ್ಡಿನಲ್ಲಿ ತಯಾರಾದವಳು ಎಂದು ಆ ಕ್ಷಣ ಅನ್ನಿಸಿದ ಹೆಮ್ಮೆಯನ್ನು ನನ್ನ ಡಿಗ್ರಿ ಯಾವತ್ತೂ ಕೊಟ್ಟಿಲ್ಲ.

ಮೇಸ್ತ್ರಿ ಆಗ ಇನ್ನೊಂದು ಕೆಲಸ ಮಾಡಿದರು. ಎಡ ಮಣಿಕಟ್ಟನ್ನು ತಾವೇ ಕಂಬಿಯ ಪಕ್ಕ ಇಟ್ಟು ಆಯಾಳ ಮುಖ ನೋಡಿದರು. ಬಿಚ್ಚಿದ್ದು ನನ್ನ ತಪ್ಪು, ಮತ್ತೆ ಕಟ್ಟು ಎಂದು.

ಆಯಾ ಸಿಸ್ಟರನ್ನು ನೋಡಿದಳು.

"ಬೇಡ," ಎಂದರು ಸಿಸ್ಟರ್. "ಆ ಮನಸ್ಸಿದ್ದಿದ್ರೆ ಯಾವತ್ತೋ ಬಿಚ್ಕೊಂಡು ನಳಿಕೆ ಎಳೀತಿದ್ರು. ಇನ್ನು ಅವರಿಗೆ ಕಟ್ಟಬೇಡ."

ಉಳಿದ ಹದಿನೈದು ದಿನ ಅವರ ಕೈ ಕಟ್ಟಲಿಲ್ಲ. ನಳಿಕೆಯನ್ನು ಅವರು ಮುಟ್ಟಲೂ ಇಲ್ಲ. ಆಯಾ ಸನ್ನೆ ಕಲಿತಳು, ಗಂಜಿ ಸುರಿಯುವಾಗ ಅವರ ಬೆರಳನ್ನೇ ನೋಡುತ್ತ, "ಸಾಕಾ? ಇನ್ನೊಂಚೂರಾ? ಸರಿ ಬಿಡಪ್ಪ, ನಿಂತೆ," ಎನ್ನುವಳು. ಗೌಡರು ನೋಡಲು ಬಂದ ಮಕ್ಕಳಿಗೆಲ್ಲ, "ಎರಡ್ ಕೈ ಎತ್ತಿ ನನ್ ಜೀವ ಉಳ್ಸವ್ನೆ," ಎಂದು ತೋರಿಸುವರು. ಅಮ್ಮ ಮೇಸ್ತ್ರಿಯ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಒಂದು ಮಧ್ಯಾಹ್ನ ಆ ಕೈ ಮೇಲೆದ್ದು ಅಮ್ಮನ ಮಂಡಿಯನ್ನು ಎರಡು ಸಲ ತಟ್ಟಿತು. ಅದು ಕ್ರೇನಿನ ಸನ್ನೆಯಲ್ಲ.

ಅವರು ಹೋದದ್ದು ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ನಾನು ತಲುಪಿದಾಗ ಆಯಾ ಮೈ ಒರೆಸಿ ಮುಗಿಸಿದ್ದಳು. ಶಾಸ್ತ್ರದಂತೆ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ಬಟ್ಟೆಯ ಪಟ್ಟಿಯಲ್ಲಿ ಕಟ್ಟಿದಳು. ಕೈಯ ಹೆಬ್ಬೆರಳುಗಳಿಗೆಂದು ಇನ್ನೊಂದು ಪಟ್ಟಿ ಹರಿದುಕೊಂಡು ತಲೆಯ ಕಡೆಗೆ ಬಂದವಳು ನಿಂತುಬಿಟ್ಟಳು.

"ಅಮ್ಮಾ, ಕೈ ನಾನು ಕಟ್ಟಲ್ಲ," ಎಂದಳು.

ಅಮ್ಮ ಎದ್ದು, ಅವರ ಎರಡೂ ಕೈಗಳನ್ನು ಒಂದೊಂದಾಗಿ ಎತ್ತಿ ಮೈಯ ಇಕ್ಕೆಲಗಳಲ್ಲಿ ಬಿಡಿಯಾಗಿ ಇಟ್ಟು, ಬೆರಳುಗಳನ್ನು ನೇರ ಮಾಡಿದರು.

ರಾಜಗೋಪಾಲನಗರದ ಮನೆಯ ಮುಂದೆ ಜನ ಸೇರಿದ್ದರು. ಕಾರ್ಖಾನೆಯ ಹಳಬರೂ ಬಂದು ಸಾಲಾಗಿ ನಿಂತಿದ್ದರು. ನೆಂಟರಲ್ಲಿ ಹಿರಿಯರೊಬ್ಬರು ಬಗ್ಗಿ ನೋಡಿ, "ಕೈ ಕಟ್ಟೋದು ಮರ್ತುಬಿಟ್ಟಿದ್ದೀರಲ್ಲಮ್ಮ," ಎಂದರು.

"ಮರ್ತಿಲ್ಲ," ಎಂದರು ಅಮ್ಮ, ಎಲ್ಲರಿಗೂ ಕೇಳುವ ಹಾಗೆ.